ಒಳ್ಳೆಯ ವರ್ಷದಲ್ಲಿ ಮಾಡಿದ ಸಾಲ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ರೈಲುಹಳಿಯಲ್ಲಿ 57 ಸುರಂಗಗಳಿವೆ, 109 ಸೇತುವೆಗಳಿವೆ. ದೋಣಿಗಲ್, ಕಡಗರವಳ್ಳಿ ದಾಟಿ ಘಟ್ಟದೊಳಕ್ಕೆ ಇಳಿದರೆ ಎಡಕುಮೇರಿ. ಊರಿಗಿಂತ ಕಾಡೇ ದೊಡ್ಡದಾಗಿರುವ ಈ ನಿಲ್ದಾಣದ ಮೇಲುಗಡೆ, ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳಲ್ಲಿ, ಬದುಕು ನಡೆಯುವುದು ಕಾಫಿಯ ಮೇಲೆ. ಇಲ್ಲಿನ ಮನೆಗಳ ಲೆಕ್ಕಪುಸ್ತಕ ಏಪ್ರಿಲ್ ಒಂದಕ್ಕೆ ತೆರೆಯುವುದಿಲ್ಲ, ಹೂಮಳೆಗೆ ತೆರೆಯುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ಮಳೆ ಬಿದ್ದರೆ ಹೂವು, ಹೂವು ಕಚ್ಚಿದರೆ ಫಸಲು, ವರ್ಷದ ಕೊನೆಗೆ ಕೊಯ್ಲು. ಗೊಬ್ಬರ, ಕಳೆ, ಮರಗಸಿ, ಆಳುಗಳ ಬಟವಾಡೆ ಎಂದು ಖರ್ಚು ಹನ್ನೆರಡು ತಿಂಗಳೂ ಇರುತ್ತದೆ. ಹಣ ಕೈಗೆ ಬರುವುದು ಮಾತ್ರ ವರ್ಷಕ್ಕೊಮ್ಮೆ. ಹಾಗಾಗಿ ಕಾಫಿ ಸೀಮೆಯಲ್ಲಿ ಸಾಲ ಅವಮಾನವೂ ಅಲ್ಲ, ಅಪರೂಪವೂ ಅಲ್ಲ.

ಆದರೆ ಈ ಗುಡ್ಡಗಳ ನೂರೆಂಬತ್ತು ವರ್ಷಗಳ ಕಥೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ದೊಡ್ಡ ಸಾಲ ಹುಟ್ಟುವುದು ಬೆಲೆ ಏರಿದ ವರ್ಷದಲ್ಲಿ, ಅದರ ವಾಯಿದೆ ಬಂದು ನಿಲ್ಲುವುದು ಬೆಲೆ ಕುಸಿದ ವರ್ಷದಲ್ಲಿ. ಮಂಜರಾಬಾದಿನ ಬಿಳಿಯ ದೊರೆಗಳು ಇದನ್ನು ಅನುಭವಿಸಿದರು, 2000ದ ಸುಮಾರಿಗೆ ಸಕಲೇಶಪುರದ ಸಣ್ಣ ಬೆಳೆಗಾರರು ಅನುಭವಿಸಿದರು. 2019ರಲ್ಲಿ ಈ ಸೀಮೆಯಿಂದಲೇ ಮೇಲೆದ್ದಿದ್ದ ಕಾಫಿ ಡೇ ಎಂಬ ಸಾಮ್ರಾಜ್ಯವೂ ಇದೇ ಸುಳಿಗೆ ಸಿಕ್ಕಿತು.

ಮಂಜರಾಬಾದಿನ ಮೊದಲ ಪಾಠ

ಸಕಲೇಶಪುರ ಸೀಮೆಗೆ ಆಗ ಮಂಜರಾಬಾದ್ ಎಂದೇ ಹೆಸರು. ಫ್ರೆಡರಿಕ್ ಗ್ರೀನ್ ಎಂಬ ಇಂಗ್ಲಿಷಿನವನು 1843ರಲ್ಲಿ ಇಲ್ಲಿ ತೋಟ ಹಾಕಿದ. 1856ರಲ್ಲಿ ಬಂದ ರಾಬರ್ಟ್ ಎಲಿಯಟ್ ದಶಕಗಳ ಕಾಲ ಕಾಫಿ ಬೆಳೆದು, ತನ್ನ ಅನುಭವವನ್ನು ಎರಡು ಪುಸ್ತಕಗಳಲ್ಲಿ ಬರೆದಿಟ್ಟ. ಆ ಕಾಲದಲ್ಲಿ ಬೆಳೆಯುತ್ತಿದ್ದದ್ದು 'ಚಿಕ್' ಎಂಬ ತಳಿ. 1860ರ ದಶಕದ ಕೊನೆಯ ಒಣ ವರ್ಷಗಳಲ್ಲಿ ಕಾಂಡಕೊರಕ ಹುಳು ಗಿಡಗಳ ಒಳಹೊಕ್ಕಿತು. ನೆರಳು ಮರಗಳನ್ನು ಕಡಿದು ಬಿಸಿಲಿಗೆ ಬಿಟ್ಟಿದ್ದ ತೋಟಗಳು ಒಂದೊಂದಾಗಿ ಒಣಗಿದವು. ಕೊಡಗಿನ ಬೀಜ ತಂದು ಬಿತ್ತಿ, ಮರಗಳನ್ನು ಮತ್ತೆ ಬೆಳೆಸಿದ ಮೇಲೆಯೇ ಮಂಜರಾಬಾದ್ ಚೇತರಿಸಿಕೊಂಡದ್ದು. ಕಾಫಿಯನ್ನು ನೆರಳಿನಡಿಯಲ್ಲೇ ಬೆಳೆಸಬೇಕೆಂಬ ಇಂದಿನ ಮಲೆನಾಡಿನ ಪದ್ಧತಿ ಗಟ್ಟಿಯಾದದ್ದು ಆ ನಷ್ಟದಿಂದ.

ಸಿಲೋನಿನ ಕಥೆ ಇನ್ನೂ ಕಠೋರವಾಗಿತ್ತು. 1869ರಲ್ಲಿ ಅಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಹದಿನೈದು ವರ್ಷಗಳಲ್ಲಿ ದ್ವೀಪದ ಕಾಫಿಯನ್ನೇ ಬಹುಪಾಲು ಅಳಿಸಿಹಾಕಿತು. ತೋಟಗಳ ಮೇಲೆ ಉದಾರವಾಗಿ ಸಾಲ ಕೊಟ್ಟಿದ್ದ ಓರಿಯಂಟಲ್ ಬ್ಯಾಂಕ್ ಕಾರ್ಪೊರೇಷನ್ 1884ರ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿತು. ಪೂರ್ವದೇಶಗಳಲ್ಲಿ ಆ ಕಾಲದ ಬಹುದೊಡ್ಡ ಬ್ಯಾಂಕುಗಳಲ್ಲಿ ಅದೂ ಒಂದು. ತೋಟಕ್ಕೆ ಮತ್ತು ಮುಂದೆ ಬರುವ ಫಸಲಿಗೆ ಒಳ್ಳೆಯ ವರ್ಷಗಳಲ್ಲಿ ಕಟ್ಟಿದ ಬೆಲೆಯೇ ಆ ಸಾಲಗಳಿಗೆ ಭದ್ರತೆಯಾಗಿತ್ತು. ಗಿಡ ಸತ್ತಾಗ ಭದ್ರತೆಯೂ ಅದರ ಜೊತೆಗೇ ಸತ್ತಿತು.

ಪೂಲ್ ಎಂಬ ಕೊಡೆ

1930ರ ದಶಕದ ಜಾಗತಿಕ ಮುಗ್ಗಟ್ಟಿನಲ್ಲಿ ಕಾಫಿ ಬೆಲೆ ನೆಲಕಚ್ಚಿತು. ಮಹಾಯುದ್ಧ ಬಂದು ಯುರೋಪಿನ ಮಾರುಕಟ್ಟೆಯೂ ಮುಚ್ಚಿಹೋಯಿತು. ಬೆಳೆಗಾರರನ್ನು ಉಳಿಸಲು 1940ರಲ್ಲಿ ಬಂದ ಸುಗ್ರೀವಾಜ್ಞೆ 1942ರಲ್ಲಿ ಕಾಫಿ ಕಾಯ್ದೆಯಾಯಿತು. ಮುಂದಿನ ಅರ್ಧ ಶತಮಾನ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಎಲ್ಲವೂ ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕು, ಬೋರ್ಡು ಹರಾಜು ಹಾಕಬೇಕು, ಹಣ ಕಂತುಕಂತಾಗಿ 'ಪಾಯಿಂಟ್' ಲೆಕ್ಕದಲ್ಲಿ ಬರಬೇಕು. ಕೊನೆಯ ಕಂತು ಬರುವಷ್ಟರಲ್ಲಿ ವರ್ಷಗಳೇ ಉರುಳುತ್ತಿದ್ದವು ಎಂಬ ಗೊಣಗಾಟ ಸಕಲೇಶಪುರದ ಬೆಳೆಗಾರರಲ್ಲಿ ಸದಾ ಇತ್ತು. ತಡವಾದರೂ ಹಣ ಕೊಡಬೇಕಾದವನು ಸರ್ಕಾರವೇ ಎಂಬ ಧೈರ್ಯವೂ ಅವರಿಗಿತ್ತು.

1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. ಸೋವಿಯತ್ ಒಕ್ಕೂಟ ಕುಸಿದಾಗ ಭಾರತದ ಕಾಫಿಯ ದೊಡ್ಡ ಗಿರಾಕಿಯೂ ಕೈತಪ್ಪಿದ. 1993ರಲ್ಲಿ ಬೆಳೆಯ ಅರ್ಧ ಭಾಗವನ್ನು ಮುಕ್ತವಾಗಿ ಮಾರಲು ಅವಕಾಶ ಸಿಕ್ಕಿತು, 1996ರ ಹೊತ್ತಿಗೆ ಪೂರ್ತಿ ಸ್ವಾತಂತ್ರ್ಯ ದೊರೆಯಿತು. ನಡುವೆ 1994ರಲ್ಲಿ ಬ್ರೆಜಿಲ್ ತೋಟಗಳ ಮೇಲೆ ಎರಡು ಬಾರಿ ಹಿಮ ಹೆಪ್ಪುಗಟ್ಟಿ ಜಗತ್ತಿನ ಬೆಲೆ ಆಕಾಶಕ್ಕೇರಿತು. ಪೂಲ್‌ನ ಕೊಡೆ ಮಡಚಿದ ಹೊತ್ತಿಗೇ ಹೊನ್ನಿನ ಮಳೆ ಸುರಿಯಿತು. ಕಾರು, ಜೀಪು, ಹೊಸ ಮನೆ, ಪಕ್ಕದವರ ತೋಟದ ಖರೀದಿ ಎಲ್ಲವೂ ಆ ಮೂರ್ನಾಲ್ಕು ವರ್ಷಗಳಲ್ಲಿ ನಡೆದವು. ಬ್ಯಾಂಕುಗಳೂ ಅಂದಿನ ಬೆಲೆಯನ್ನೇ ನೋಡಿ ಸಾಲ ಮಂಜೂರು ಮಾಡಿದವು.

ಚೇತನಹಳ್ಳಿಯಿಂದ ಬ್ರಿಗೇಡ್ ರಸ್ತೆಗೆ

ಮುಕ್ತ ಮಾರಾಟದ ಬಾಗಿಲು ತೆರೆಯುವುದನ್ನು ಎಲ್ಲರಿಗಿಂತ ಮೊದಲು ಕಂಡವರಲ್ಲಿ ವಿ.ಜಿ. ಸಿದ್ಧಾರ್ಥ ಒಬ್ಬರು. ಮೂಡಿಗೆರೆ ತಾಲ್ಲೂಕಿನ ಚೇತನಹಳ್ಳಿಯ ಕಾಫಿ ಮನೆತನ, ಮಂಗಳೂರಿನ ಸೇಂಟ್ ಅಲೋಷಿಯಸ್ ಕಾಲೇಜು, ಅನಂತರ ಮುಂಬೈಯ ಜೆ.ಎಂ. ಫೈನಾನ್ಷಿಯಲ್‌ನಲ್ಲಿ ಷೇರುಪೇಟೆಯ ತರಬೇತಿ. ಬೆಂಗಳೂರಿಗೆ ಮರಳಿ ಶಿವನ್ ಸೆಕ್ಯುರಿಟೀಸ್ ನಡೆಸಿದರು, ಅದೇ ಮುಂದೆ ವೇ2ವೆಲ್ತ್ ಆಯಿತು. 1993ರಲ್ಲಿ ಅಮಾಲ್ಗಮೇಟೆಡ್ ಬೀನ್ ಕಾಫಿ ಟ್ರೇಡಿಂಗ್ ಕಂಪನಿ ಕಟ್ಟಿದರು. ಮಲೆನಾಡಿನಲ್ಲಿ ಅದು 'ಎಬಿಸಿ' ಎಂದೇ ಪರಿಚಿತ. ಬೋರ್ಡಿನ ಕಂತಿಗೆ ಕಾದು ಸುಸ್ತಾಗಿದ್ದ ಬೆಳೆಗಾರನಿಗೆ ಎಬಿಸಿ ಚಿಕ್ಕಮಗಳೂರು ಮತ್ತು ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮಾಲು ಇಳಿಸಿಕೊಂಡು ಬೆಲೆ ಕೊಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ದೇಶದ ಪ್ರಮುಖ ಕಾಫಿ ರಫ್ತುದಾರರ ಸಾಲಿಗೆ ಸೇರಿತು.

1996ರ ಜುಲೈನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಕಾಫಿಯ ಜೊತೆಗೆ ಇಂಟರ್ನೆಟ್ಟೂ ಅಲ್ಲಿತ್ತು. ಸ್ವಂತ ತೋಟದ ಬೀಜ, ಸ್ವಂತ ಕ್ಯೂರಿಂಗ್, ಸ್ವಂತ ತೋಟದ ಸಿಲ್ವರ್ ಓಕ್‌ನಿಂದ ಮಾಡಿದ ಪೀಠೋಪಕರಣ, ಸ್ವಂತ ಅಂಗಡಿ: ಗಿಡದಿಂದ ಲೋಟದವರೆಗೆ ಒಂದೇ ಕೈ. ಭಾರತದ ಕಾಫಿ ಉದ್ಯಮದಲ್ಲಿ ಇದು ಅಪರೂಪದ ಯೋಚನೆಯಾಗಿತ್ತು.

ಆ ಯೋಚನೆ ಕಾಫಿಯಲ್ಲೇ ನಿಲ್ಲಲಿಲ್ಲ. 1999ರಲ್ಲಿ ಆರಂಭವಾದ ಸಾಫ್ಟ್‌ವೇರ್ ಕಂಪನಿ ಮೈಂಡ್‌ಟ್ರೀಯಲ್ಲಿ ಹಣ ಹೂಡಿದರು. ಬೆಂಗಳೂರಿನ ಮೈಸೂರು ರಸ್ತೆಯ ಬಳಿ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಕಟ್ಟಿದರು. 2011ರಲ್ಲಿ ಚೆನ್ನೈನ ಸರಕು ಸಾಗಣೆ ಕಂಪನಿ ಸಿಕಾಲ್ ಲಾಜಿಸ್ಟಿಕ್ಸ್ ಅವರ ವಶವಾಯಿತು. ಕೆಕೆಆರ್, ನ್ಯೂ ಸಿಲ್ಕ್ ರೂಟ್, ಸ್ಟ್ಯಾಂಡರ್ಡ್ ಚಾರ್ಟರ್ಡ್‌ನ ಹೂಡಿಕೆ ವಿಭಾಗ 2010ರಲ್ಲಿ ಬಂಡವಾಳ ತಂದವು. ಕಾಫಿ ಬೆಳೆಯಂತೆಯೇ ಈ ವ್ಯವಹಾರಗಳಲ್ಲೂ ಹಣ ಮರಳಿ ಬರಲು ವರ್ಷಗಳು ಬೇಕು. ಸಾಲದ ಕಂತು ಮಾತ್ರ ತಿಂಗಳಿಗೆ, ಮೂರು ತಿಂಗಳಿಗೆ ಬರುತ್ತದೆ.

ಒಂದೇ ಸರಕು ನಂಬಿದ ಬೆಟ್ಟ

ಸಿದ್ಧಾರ್ಥ ಬೆಳೆಯುತ್ತಿದ್ದ ಅದೇ ವರ್ಷಗಳಲ್ಲಿ ಅವರ ಹಿಂದಿನ ಗುಡ್ಡಗಳು ಕುಸಿಯುತ್ತಿದ್ದವು. ವಿಯೆಟ್ನಾಂನ ರೊಬಸ್ಟಾ ಪ್ರವಾಹದಂತೆ ನುಗ್ಗಿ, 2001ರ ಕೊನೆಗೆ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗಿಳಿಯಿತು. ನಾಲ್ಕು ವರ್ಷಗಳ ಹಿಂದೆ ಅದು 130 ಸೆಂಟ್ ದಾಟಿತ್ತು. 1997ರ ಬೆಲೆ ನೋಡಿ ಸಾಲ ಮಾಡಿದ ಸಕಲೇಶಪುರದ ಬೆಳೆಗಾರ 2001ರ ಬೆಲೆಯಲ್ಲಿ ಅದನ್ನು ತೀರಿಸಬೇಕಾಯಿತು. ಎಷ್ಟೋ ತೋಟಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟಲಿಲ್ಲ. ಕೇಂದ್ರ ಸರ್ಕಾರ ಹಳೆಯ ಸಾಲಗಳನ್ನೆಲ್ಲ ಒಟ್ಟುಗೂಡಿಸಿ 'ವಿಶೇಷ ಕಾಫಿ ಅವಧಿ ಸಾಲ'ವಾಗಿ ಪರಿವರ್ತಿಸಿತು, 2010ರಲ್ಲಿ ಸಣ್ಣ ಬೆಳೆಗಾರರಿಗೆ ಸಾಲ ಪರಿಹಾರ ಪ್ಯಾಕೇಜ್ ಬಂತು. ಬಹಳಷ್ಟು ಮನೆಗಳಲ್ಲಿ ಒಂದು ಸಾಲ ಇನ್ನೊಂದು ಹೆಸರು ಪಡೆಯಿತು, ಅಷ್ಟೆ.

ಎಡಕುಮೇರಿಯ ಹಳಿಗೂ ಇದೇ ಬಗೆಯ ಪಾಠ ಸಿಕ್ಕಿತು. 1979ರಲ್ಲಿ ಮೀಟರ್‌ಗೇಜ್ ಆಗಿ ಆರಂಭವಾಗಿದ್ದ ಘಟ್ಟದ ಮಾರ್ಗವನ್ನು 1996ರಲ್ಲಿ ಮುಚ್ಚಲಾಗಿತ್ತು. ಅದನ್ನು ಬ್ರಾಡ್‌ಗೇಜ್ ಮಾಡಲೆಂದೇ ರೈಲ್ವೆ ಮತ್ತು ರಾಜ್ಯ ಸರ್ಕಾರ ಸೇರಿ 2003ರಲ್ಲಿ ಹಾಸನ ಮಂಗಳೂರು ರೈಲು ಅಭಿವೃದ್ಧಿ ನಿಗಮ ಎಂಬ ಕಂಪನಿ ಸ್ಥಾಪಿಸಿದವು. 2006ರಲ್ಲಿ ಗೂಡ್ಸ್ ಓಡಿತು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಬಂತು. ನವಮಂಗಳೂರು ಬಂದರಿಗೆ ಹೋಗುವ ಬಳ್ಳಾರಿ, ಹೊಸಪೇಟೆಯ ಅದಿರು ಈ ಮಾರ್ಗದ ದೊಡ್ಡ ಸರಕಾಗಿತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಕಾಫಿ ಇರಲಿ, ಅದಿರು ಇರಲಿ, ಒಂದೇ ಸರಕನ್ನು ನಂಬಿ ಹಾಕಿದ ಲೆಕ್ಕ ಒಂದೇ ಆದೇಶಕ್ಕೆ, ಒಂದೇ ಕುಸಿತಕ್ಕೆ ತಲೆಕೆಳಗಾಗುತ್ತದೆ.

ಕರಾರಿನ ಸಣ್ಣ ಅಕ್ಷರ

2015ರ ಅಕ್ಟೋಬರಿನಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್ ಷೇರುಪೇಟೆಗೆ ಬಂತು. ತಲಾ 328 ರೂಪಾಯಿಯಂತೆ 1,150 ಕೋಟಿ ಸಂಗ್ರಹಿಸಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಮೊತ್ತ ಹಳೆಯ ಸಾಲ ತೀರಿಸಲು ಮೀಸಲು. ನವೆಂಬರ್ 2ರಂದು ವಹಿವಾಟು ಶುರುವಾದ ಮೊದಲ ದಿನವೇ ಷೇರು ಶೇಕಡಾ 17ರಷ್ಟು ಕೆಳಗಿಳಿಯಿತು. ಒಂದೂವರೆ ಸಾವಿರ ಕೆಫೆಗಳಿದ್ದ ಕಂಪನಿಯನ್ನು ಜನ ಲೋಟದಿಂದ ಅಳೆಯುತ್ತಿದ್ದರು, ಪೇಟೆ ಸಾಲದಿಂದ ಅಳೆಯಿತು.

ಇಂಥ ಸಾಲಗಳ ಪತ್ರದಲ್ಲಿ ಬಡ್ಡಿ ದರ, ಕಂತಿನ ದಿನಾಂಕಗಳ ಜೊತೆಗೆ ಹತ್ತಾರು ಷರತ್ತುಗಳಿರುತ್ತವೆ. ಲಾಭ ಬಡ್ಡಿಯ ಇಷ್ಟು ಪಟ್ಟು ಇರಬೇಕು, ಒಟ್ಟು ಸಾಲ ಇಷ್ಟನ್ನು ಮೀರಬಾರದು, ಪ್ರವರ್ತಕರ ಪಾಲು ಇಷ್ಟಕ್ಕಿಂತ ಕಡಿಮೆಯಾಗಬಾರದು, ಲೆಕ್ಕಪತ್ರ ವೇಳೆಗೆ ಸರಿಯಾಗಿ ಕೊಡಬೇಕು. ಒಂದು ಕಂತನ್ನೂ ತಪ್ಪಿಸದ ಕಂಪನಿ ಕೂಡ ಇವುಗಳಲ್ಲಿ ಒಂದನ್ನು ಮುರಿದರೆ ಸಾಲದಾತ ಪೂರ್ತಿ ಹಣ ವಾಪಸ್ ಕೇಳಬಹುದು. ಒಬ್ಬನ ಬಳಿ ತಪ್ಪಿದರೆ ಉಳಿದವರ ಬಳಿಯೂ ತಪ್ಪಿದಂತೆ ಎಂಬ ಷರತ್ತೂ ಸಾಮಾನ್ಯ. ಷೇರು ಅಡವಿಟ್ಟು ಪಡೆದ ಸಾಲದಲ್ಲಂತೂ ಬೆಲೆ ಇಳಿದಷ್ಟೂ ಹೆಚ್ಚು ಷೇರು ಇಡಬೇಕು, ಇಲ್ಲವೇ ನಗದು ಕಟ್ಟಬೇಕು. 2019ರ ಮಧ್ಯಭಾಗದ ಹೊತ್ತಿಗೆ ಕಾಫಿ ಡೇ ಪ್ರವರ್ತಕರ ಷೇರುಗಳಲ್ಲಿ ಸುಮಾರು ಮುಕ್ಕಾಲು ಭಾಗ ಅಡವಿನಲ್ಲಿತ್ತು.

ಹವೆಯೂ ಕೆಟ್ಟಿತ್ತು. 2017ರ ಸೆಪ್ಟೆಂಬರಿನಲ್ಲಿ ಆದಾಯ ತೆರಿಗೆ ಇಲಾಖೆ ಸಮೂಹದ ಮೇಲೆ ದಾಳಿ ನಡೆಸಿತು. 2018ರ ಸೆಪ್ಟೆಂಬರಿನಲ್ಲಿ ಹಣಕಾಸು ಸಂಸ್ಥೆ ಐಎಲ್ ಆ್ಯಂಡ್ ಎಫ್ಎಸ್ ಸಾಲ ಕಟ್ಟಲಾಗದೆ ಮುಗ್ಗರಿಸಿದಾಗ ದೇಶದ ಬ್ಯಾಂಕೇತರ ಹಣಕಾಸು ಸಂಸ್ಥೆಗಳ ಕೈಯಲ್ಲಿ ಹಣವೇ ಬತ್ತಿತು. ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸುವ ದಾರಿ ಮುಚ್ಚಿತು. ಆರ್ಥಿಕ ಬೆಳವಣಿಗೆ ಇಳಿಮುಖವಾಯಿತು. ಇತ್ತ ಮಲೆನಾಡಿನಲ್ಲಿ 2018ರ ಆಗಸ್ಟಿನ ಮಹಾಮಳೆಗೆ ಘಟ್ಟ ಜರಿದು, ಕಾಫಿ ಕಾಯಿ ಗಿಡದಲ್ಲೇ ಕೊಳೆತು ಉದುರಿತು.

2019ರ ಜನವರಿಯಲ್ಲಿ ತೆರಿಗೆ ಇಲಾಖೆ ಸಿದ್ಧಾರ್ಥರ ಮೈಂಡ್‌ಟ್ರೀ ಷೇರುಗಳನ್ನು ಜಪ್ತಿ ಮಾಡಿತು, ಅನಂತರ ಕಾಫಿ ಡೇ ಷೇರುಗಳನ್ನು ಬದಲಿಗೆ ಪಡೆದು ಬಿಟ್ಟುಕೊಟ್ಟಿತು. ಮಾರ್ಚಿನಲ್ಲಿ ಶೇಕಡಾ 20ರಷ್ಟಿದ್ದ ಮೈಂಡ್‌ಟ್ರೀ ಪಾಲನ್ನು ಎಲ್ ಆ್ಯಂಡ್ ಟಿಗೆ ತಲಾ 980 ರೂಪಾಯಿಯಂತೆ ಮಾರಲು ಒಪ್ಪಂದವಾಯಿತು, ಸುಮಾರು 3,269 ಕೋಟಿ ಬಂತು. ಆ ಮಾರ್ಚ್ ಕೊನೆಗೆ ಸಮೂಹದ ಒಟ್ಟು ಸಾಲ ಸುಮಾರು 7,200 ಕೋಟಿ. ಅದೇ ತಿಂಗಳು 100 ಕೋಟಿಯ ಹೊಸ ಡಿಬೆಂಚರ್‌ಗಳನ್ನೂ ಕಂಪನಿ ಹೊರಡಿಸಿತ್ತು. ಒಂದು ಕೈಯಲ್ಲಿ ಮಾರುತ್ತ, ಇನ್ನೊಂದು ಕೈಯಲ್ಲಿ ಸಾಲ ತರುತ್ತಿದ್ದ ಸ್ಥಿತಿ ಅದು.

2019ರ ಜುಲೈ 29ರ ಸಂಜೆ ಸಿದ್ಧಾರ್ಥ ಮಂಗಳೂರಿನ ನೇತ್ರಾವತಿ ಸೇತುವೆಯಿಂದ ಕಾಣೆಯಾದರು. 31ರ ಮುಂಜಾನೆ ಹೊಯ್ಗೆಬಜಾರ್ ಬಳಿ ಅವರ ಶವ ಸಿಕ್ಕಿತು. ಅವರದೆಂದು ಹೊರಬಂದ ಪತ್ರದಲ್ಲಿ ಷೇರು ಮರುಖರೀದಿಗೆ ಒಬ್ಬ ಹೂಡಿಕೆದಾರರ ಒತ್ತಡ, ಸಾಲದಾತರ ಒತ್ತಡ, ತೆರಿಗೆ ಅಧಿಕಾರಿಯೊಬ್ಬರ ಕಿರುಕುಳ ಇವೆಲ್ಲದರ ಪ್ರಸ್ತಾಪವಿತ್ತು. ಕಿರುಕುಳದ ಆರೋಪವನ್ನು ಇಲಾಖೆ ಅಲ್ಲಗಳೆಯಿತು. ಷೇರು ದಿನದಿಂದ ದಿನಕ್ಕೆ ಕುಸಿಯುತ್ತಾ ಹೋಯಿತು.

ತೆರೆದ ಲೆಕ್ಕಪುಸ್ತಕ

ಆಡಳಿತ ಮಂಡಳಿ ಸಿಬಿಐನ ನಿವೃತ್ತ ಅಧಿಕಾರಿ ಅಶೋಕ್ ಕುಮಾರ್ ಮಲ್ಹೋತ್ರಾ ಅವರಿಗೆ ತನಿಖೆ ವಹಿಸಿತು. 2020ರ ಜುಲೈನಲ್ಲಿ ಬಂದ ವರದಿ ಸಾಲದಾಚೆಗಿನ ಇನ್ನೊಂದು ತೂತನ್ನು ತೋರಿಸಿತು. ಸಮೂಹದ ಅಂಗಸಂಸ್ಥೆಗಳಿಂದ ಸಿದ್ಧಾರ್ಥರ ಖಾಸಗಿ ಕಂಪನಿ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ 3,535 ಕೋಟಿ ಹೋಗಿತ್ತು. ಲೆಕ್ಕಪತ್ರದಲ್ಲಿ ಆಗಲೇ ಕಾಣುತ್ತಿದ್ದ 842 ಕೋಟಿ ಕಳೆದರೆ ಉಳಿದದ್ದು 2,693 ಕೋಟಿ. 2023ರ ಜನವರಿಯಲ್ಲಿ ಸೆಬಿ ಇದೇ ವಿಷಯಕ್ಕೆ ಕಂಪನಿಗೆ 26 ಕೋಟಿ ದಂಡ ವಿಧಿಸಿತು. ದುರ್ಬಲ ಆರ್ಥಿಕತೆ ಕಂಪನಿಯನ್ನು ನೂಕಿದ್ದು ನಿಜ. ಆದರೆ ಹೊರಗಿನವರ ಹಣ ಮತ್ತು ಮನೆಯ ಹಣದ ನಡುವಿನ ಗೆರೆ ಅದಕ್ಕೂ ಮೊದಲೇ ಅಳಿಸಿಹೋಗಿತ್ತು.

ಮುಂದೆ ನಡೆದದ್ದು ಮಾರಾಟದ ಮೇಲೆ ಮಾರಾಟ. ಗ್ಲೋಬಲ್ ವಿಲೇಜ್ ಬ್ಲ್ಯಾಕ್‌ಸ್ಟೋನ್ ಮತ್ತು ಸಾಲಾರ್‌ಪುರಿಯಾ ಸತ್ವ ಪಾಲಾಯಿತು. 2020ರ ಮಾರ್ಚಿನಲ್ಲಿ 13 ಸಾಲದಾತರಿಗೆ 1,644 ಕೋಟಿ ಮರಳಿಸಿದ್ದಾಗಿ ಕಂಪನಿ ಪ್ರಕಟಿಸಿತು. ಅದೇ ತಿಂಗಳು ಲಾಕ್‌ಡೌನ್ ಬಂತು. 2020ರ ಡಿಸೆಂಬರಿನಲ್ಲಿ ಸಿಇಒ ಆದ ಸಿದ್ಧಾರ್ಥರ ಪತ್ನಿ ಮಾಳವಿಕಾ ಹೆಗ್ಡೆ ನಷ್ಟದ ಅಂಗಡಿಗಳನ್ನು ಮುಚ್ಚುತ್ತ, ಉಳಿದವನ್ನು ಕಾಪಾಡುತ್ತ ಹೋದರು. 2019ರಲ್ಲಿ 1,750ರಷ್ಟಿದ್ದ ಕೆಫೆಗಳು ಎರಡು ವರ್ಷಗಳಲ್ಲಿ 600ಕ್ಕಿಂತ ಕಡಿಮೆಯಾದವು. ಸಾಲ 2021ರ ಮಾರ್ಚ್ ಹೊತ್ತಿಗೆ ಸುಮಾರು 1,700 ಕೋಟಿಗೆ ಇಳಿದಿತ್ತು. ಸಿಕಾಲ್ ದಿವಾಳಿ ಪ್ರಕ್ರಿಯೆಗೆ ಸೇರಿ ಕೈತಪ್ಪಿತು.

ಆದರೂ ಕರಾರಿನ ಸಣ್ಣ ಅಕ್ಷರ ಬೆನ್ನು ಬಿಡಲಿಲ್ಲ. ಕಂತು ತಪ್ಪಿದ್ದಕ್ಕೆ ಸಾಲದಾತರು ಪೂರ್ತಿ ಸಾಲವನ್ನು ವಾಪಸ್ ಕೇಳುವ ನೋಟಿಸ್ ಕಳಿಸಿದರು. ವ್ಯಾಜ್ಯ ಮತ್ತು ಒಂದೇ ಬಾರಿಯ ಇತ್ಯರ್ಥ ಬಾಕಿಯಿರುವ ಕಾರಣ 2021ರ ಏಪ್ರಿಲಿನಿಂದ ಬಡ್ಡಿಯನ್ನೇ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಕಂಪನಿ ಮೂರು ತಿಂಗಳಿಗೊಮ್ಮೆ ಷೇರುಪೇಟೆಗೆ ತಿಳಿಸುತ್ತ ಬಂತು. 2019ರ ಮಾರ್ಚಿನ ಆ 100 ಕೋಟಿಯ ಡಿಬೆಂಚರ್‌ಗಳ ಬಡ್ಡಿ ಅದೇ ಸೆಪ್ಟೆಂಬರಿನಿಂದಲೇ ತಪ್ಪತೊಡಗಿತ್ತು. ಬಾಕಿ 228.45 ಕೋಟಿ ಎಂದು ಐಡಿಬಿಐ ಟ್ರಸ್ಟೀಶಿಪ್ ಸಲ್ಲಿಸಿದ ಅರ್ಜಿಯ ಮೇಲೆ 2024ರ ಆಗಸ್ಟ್ 8ರಂದು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು. ಚೆನ್ನೈನ ಮೇಲ್ಮನವಿ ಮಂಡಳಿ ಮೊದಲು ತಡೆ ನೀಡಿತು, 2025ರ ಫೆಬ್ರುವರಿಯಲ್ಲಿ ಆ ಆದೇಶವನ್ನೇ ರದ್ದುಪಡಿಸಿತು.

ಕರಾರಿಲ್ಲದ ಸಾಲದಾತ

ಈ ಇಡೀ ಕಥೆಯಲ್ಲಿ ಬ್ಯಾಂಕಿಗೆ ಅಡವು ಇತ್ತು, ಡಿಬೆಂಚರ್ ಕೊಂಡವರ ಪರವಾಗಿ ಟ್ರಸ್ಟಿ ಇದ್ದರು, ಹೂಡಿಕೆದಾರರಿಗೆ ಒಪ್ಪಂದವಿತ್ತು. ಏನೂ ಇಲ್ಲದ ಸಾಲದಾತ ಬೆಳೆಗಾರ. ಅವನು ಪಾರ್ಚ್‌ಮೆಂಟ್ ಮೂಟೆ, ಚೆರಿ ಮೂಟೆಗಳನ್ನು ಕ್ಯೂರಿಂಗ್ ವರ್ಕ್ಸ್‌ಗೆ ಇಳಿಸಿ, ಚೀಟಿ ಪಡೆದು, ಬೆಲೆ ಏರುವ ದಿನಕ್ಕೆ ಕಾಯುತ್ತಾನೆ. ಕಾಯುವಷ್ಟು ದಿನ ಅವನು ಕಂಪನಿಗೆ ಸಾಲ ಕೊಟ್ಟಂತೆಯೇ. ಆ ಸಾಲಕ್ಕೆ ಬಡ್ಡಿಯೂ ಇಲ್ಲ, ಭದ್ರತೆಯೂ ಇಲ್ಲ. ಮಲೆನಾಡಿನವರೇ ಕಟ್ಟಿದ ಕಂಪನಿ ಎಂಬ ವಿಶ್ವಾಸ ಮಾತ್ರ ಇತ್ತು. 2019ರ ನಂತರ ಬಾಕಿ ಹಣಕ್ಕಾಗಿ ಬೆಳೆಗಾರರು ಹೂಡಿದ ಚೆಕ್ ಬೌನ್ಸ್ ಪ್ರಕರಣಗಳು ಮೂಡಿಗೆರೆ ನ್ಯಾಯಾಲಯದ ಮೆಟ್ಟಿಲೇರಿದವು.

ಕಾನೂನಿನ ಸಾಲಿನಲ್ಲಿ ಅವನ ಜಾಗ ಇನ್ನೂ ಹಿಂದೆ. ದಿವಾಳಿ ಸಂಹಿತೆಯಲ್ಲಿ ಮಾಲು ಪೂರೈಸಿದವರು ಅಡವಿಟ್ಟುಕೊಂಡ ಬ್ಯಾಂಕು, ನೌಕರರು, ಸರ್ಕಾರದ ತೆರಿಗೆ ಎಲ್ಲರ ಪಾಲೂ ತೀರಿದ ಮೇಲೆ ಉಳಿದದ್ದಕ್ಕೆ ಕೈಯೊಡ್ಡಬೇಕು. ಅರ್ಜಿ ಹಾಕಲು ಬೇಕಾದ ಕನಿಷ್ಠ ಬಾಕಿಯನ್ನು 2020ರ ಮಾರ್ಚಿನಲ್ಲಿ 1 ಲಕ್ಷದಿಂದ 1 ಕೋಟಿಗೆ ಏರಿಸಲಾಯಿತು. ಹತ್ತೆಕರೆಯ ಬೆಳೆಗಾರನಿಗೆ ಆ ಬಾಗಿಲು ಅಂದೇ ಮುಚ್ಚಿತು. ಅದೇ ಬೆಳೆಗಾರ ಬ್ಯಾಂಕಿಗೆ ಬಾಕಿಯಾದರೆ ಮಾತ್ರ ಸರ್ಫೇಸಿ ಕಾಯ್ದೆಯಡಿ ತೋಟ ಆನ್‌ಲೈನ್ ಹರಾಜಿಗೆ ಬರುತ್ತದೆ. ಇದರ ವಿರುದ್ಧ ಹಾಸನ, ಚಿಕ್ಕಮಗಳೂರು, ಕೊಡಗಿನ ಬೆಳೆಗಾರರು ಬೀದಿಗಿಳಿದದ್ದೂ ಉಂಟು.

ಈಗ ಮತ್ತೆ ಒಳ್ಳೆಯ ವರ್ಷಗಳು ಬಂದಿವೆ. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 400 ಸೆಂಟ್ ದಾಟಿತು, ರೊಬಸ್ಟಾ ಕೂಡ ಹಿಂದೆಂದೂ ಕಾಣದ ಬೆಲೆ ಕಂಡಿತು. ಹಾಗಾಗಿ ಎಚ್ಚರಿಕೆಯ ಮಾತು ಆಡಬೇಕಾದದ್ದು ಈಗಲೇ. 1942ರ ಕಾಫಿ ಕಾಯ್ದೆಯನ್ನು ಬದಲಿಸುವ ಮಸೂದೆಯ ಕರಡು 2022ರಿಂದ ಚರ್ಚೆಯಲ್ಲಿದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಳಿಸಿದ ಕಾಫಿ ಹಣ ಸಂದಾಯವಾಗುವವರೆಗೆ ಬೆಳೆಗಾರನದೇ ಸ್ವತ್ತು, ಅದನ್ನು ಯಾರೂ ಅಡವಿಡುವಂತಿಲ್ಲ ಎಂಬ ಒಂದು ಕಲಮನ್ನು ಅದರಲ್ಲಿ ಸೇರಿಸಬೇಕೆಂದು ಸಕಲೇಶಪುರದ ಬೆಳೆಗಾರ ಸಂಘಗಳು ಪಟ್ಟು ಹಿಡಿಯಬೇಕು. ಅಲ್ಲಿಯವರೆಗೆ, ಮೂಟೆ ಇಳಿಸುವ ಮುನ್ನ ಚೀಟಿಯಲ್ಲಿ ಮಾಲು ಯಾರದೆಂದು ಬರೆದಿದೆ, ಹಣ ಯಾವ ದಿನ ಕೊಡುವುದೆಂದು ಬರೆದಿದೆ ಎಂಬುದನ್ನು ಪ್ರತಿಯೊಬ್ಬ ಬೆಳೆಗಾರನೂ ಓದಿಯೇ ಸಹಿ ಹಾಕಲಿ.